ಬೆತ್ತಲೆ ಮೈ ಮತ್ತು ಕೊಲೆಗಳನ್ನು ಬಿಟ್ಟರೆ ಜಾಲ್ಲೊ ಚಿತ್ರಗಳಲ್ಲಿ ಏನಿದೆ?

ಇಟಲಿಯ ಜಾಲ್ಲೊ (ಅಂದರೆ ‘ಹಳದಿ’) ಎಂಬ ಕೊಲೆ-ರಹಸ್ಯದ ಚಿತ್ರಗಳನ್ನು ನಾನು ಮೆಚ್ಚುತ್ತೇನೆಂದು ತಿಳಿದವರೆಲ್ಲ ಮೇಲಿನ ಪ್ರಶ್ನೆಯನ್ನೇ ಕೇಳುತ್ತಾರೆ. ಮೊಂಡಾಡೋರಿ ಪ್ರಕಾಶನವು 1929ರಿಂದ ಹಳದಿ ರಕ್ಷಾಪುಟದಲ್ಲಿ ಹೊರತಂದ ಪತ್ತೇದಾರಿ ಕಾದಂಬರಿಗಳಿಂದ ಹೆಸರು ಪಡೆದ ಈ ಪ್ರಕಾರದಲ್ಲಿ ಆ ಆಕ್ಷೇಪಕ್ಕೆ ತಕ್ಕ ಚಿತ್ರಗಳು ಬೇಕಾದಷ್ಟಿವೆ, ಅವನ್ನು ಸಮರ್ಥಿಸುವ ಇಚ್ಛೆ ನನಗಿಲ್ಲ. ಆದರೆ ಸೆರ್ಜಿಯೊ ಮಾರ್ಟಿನೊ ನಿರ್ದೇಶಿಸಿ 1971ರಲ್ಲಿ ತೆರೆಕಂಡ ‘ಲೊ ಸ್ತ್ರಾನೊ ವಿಟ್ಸಿಯೊ ದೆಲ್ಲಾ ಸಿನ್ಯೋರಾ ವಾರ್ಡ್’ (ಶ್ರೀಮತಿ ವಾರ್ಡ್ ಅವರ ವಿಚಿತ್ರ ಚಟ) ಚಿತ್ರದಲ್ಲಿ ಕಾಮದ ದೃಶ್ಯಗಳನ್ನು ತೆಗೆದುಹಾಕಿದರೆ ಪತ್ತೇದಾರಿ ಕತೆಯೇ ಉಳಿಯುವುದಿಲ್ಲ. ಗುಟ್ಟನ್ನು ಬಿಟ್ಟುಕೊಡದೆ ಇದನ್ನು ವಿವರಿಸಲಾಗದು.

ರಾಜತಾಂತ್ರಿಕನ ಹೆಂಡತಿಯಾದ ಜೂಲಿ ವಿಯೆನ್ನಾಕ್ಕೆ ಬಂದಾಗ ಆ ನಗರದಲ್ಲಿ ಒಬ್ಬ ಕ್ಷೌರದ ಕತ್ತಿಯಿಂದ ಹೆಂಗಸರನ್ನು ಕೊಲ್ಲುತ್ತಿದ್ದಾನೆ. ಅವಳ ಹಳೆಯ ಪ್ರಿಯಕರ ಜೀನ್ ಹೂಗಳನ್ನು ಕಳುಹಿಸುತ್ತ ಮತ್ತೆ ಬೆನ್ನು ಹತ್ತುತ್ತಾನೆ. ಮಳೆ, ಒಡೆದ ಗಾಜು, ಹೊಡೆತ, ಅಪ್ಪುಗೆ ಎಲ್ಲವೂ ಕಲೆತ ಅವಳ ನೆನಪುಗಳನ್ನು ಮಾರ್ಟಿನೊ ನಿಧಾನಗತಿಯಲ್ಲಿ, ನೋರಾ ಒರ್ಲಾಂಡಿಯ ಸಂಗೀತದೊಂದಿಗೆ ತೋರಿಸುತ್ತಾರೆ. ತಾನು ಬಯಸಿದ್ದಕ್ಕೇ ಹೆದರುವ ಹೆಣ್ಣಿನ ತೊಳಲಾಟವನ್ನು ಜೂಲಿಯ ಪಾತ್ರ ಮಾಡಿದ ನಟಿ ಎಡ್ವಿಜ್ ಫೆನೆಕ್ ಕಣ್ಣುಗಳಲ್ಲಿ ತರುವ ರೀತಿಗೆ ಸಲ್ಲಬೇಕಾದ ಗೌರವ ಸಂದಿಲ್ಲವೆಂದೇ ನನ್ನ ಭಾವನೆ. ಇದನ್ನೆಲ್ಲ ನೋಡುವ ನಾವು ಅಪಾಯವು ಅವಳ ಬಯಕೆಯಿಂದಲೇ ಬರುತ್ತದೆಂದು ನಂಬಿಬಿಡುತ್ತೇವೆ.

ಕತ್ತಿಯ ಕೊಲೆಗಾರ ತಾನು ಕೊಲ್ಲಲು ಹೋದ ಹೆಣ್ಣಿನ ಕೈಯಲ್ಲೇ ಸಾಯುತ್ತಾನೆ, ಆದರೆ ಜೂಲಿಯ ಅಪಾಯ ಮುಗಿಯುವುದಿಲ್ಲ. ಕೊನೆಗೆ ತಿಳಿಯುವುದೇನೆಂದರೆ, ಅವಳ ಸಾವನ್ನು ಯೋಜಿಸಿದವರು ಸಭ್ಯನಾಗಿ ಕಾಣುತ್ತಿದ್ದ ಗಂಡ ಮತ್ತು ಅವಳಿಗೆ ಆಸರೆಯಂತಿದ್ದ ಹೊಸ ಪ್ರಿಯಕರ ಜಾರ್ಜ್. ಅದಕ್ಕೆ ಕಾರಣ ಹಣ. ಅವಳ ‘ಚಟ’ ಮತ್ತು ನಗರದ ಭಯ ಎರಡನ್ನೂ ಅವರು ಮರೆಯಾಗಿ ಬಳಸಿಕೊಂಡಿರುತ್ತಾರೆ.

ಈ ಜಾಡನ್ನು ಮೊದಲೇ ಹಾಕಿಕೊಟ್ಟವರು ಇಟಲಿಯ ನಿರ್ದೇಶಕ ಮಾರಿಯೊ ಬಾವಾ. ರೋಮಿನ ಫ್ಯಾಷನ್ ಸಂಸ್ಥೆಯೊಂದರಲ್ಲಿ ನಡೆಯುವ ಅವರ 1964ರ ‘ಸೇಯ್ ದೊನ್ನೆ ಪೆರ್ ಲಸಸ್ಸೀನೊ’ (ಕೊಲೆಗಾರನಿಗೆ ಆರು ಹೆಂಗಸರು) ಚಿತ್ರದಲ್ಲಿ ರೂಪದರ್ಶಿಯರ ಸರಣಿ ಕೊಲೆಗಳು ಕಾಮೋನ್ಮಾದದ ಕೃತ್ಯಗಳಂತೆ ಕಾಣುತ್ತವೆ. ನಿಜದಲ್ಲಿ ಅವು ಹಳೆಯ ಅಪರಾಧವೊಂದನ್ನು ಮುಚ್ಚಿಡಲು ನಡೆದವು.

ಹೆಣ್ಣಿನ ಭಯವನ್ನು ಕ್ಯಾಮೆರಾ ಅಗತ್ಯಕ್ಕಿಂತ ಹೆಚ್ಚು ಹೊತ್ತು ದಿಟ್ಟಿಸುತ್ತದೆಂಬ ದೂರು ಈ ಎರಡೂ ಚಿತ್ರಗಳಿಗೆ ಸಲ್ಲುತ್ತದೆ, ಅದನ್ನು ನಾನು ಒಪ್ಪುತ್ತೇನೆ. ಹಾಗಿದ್ದರೂ, ಸಂಶಯವೆಲ್ಲ ಹೆಣ್ಣಿನ ಬಯಕೆಯ ಕಡೆಗೇ ಹರಿಯುವಂತೆ ಮಾಡಿ, ಅಪರಾಧವನ್ನು ಗಂಡನ ಲೆಕ್ಕಾಚಾರದಲ್ಲಿ ತೋರಿಸುವ ಮಾರ್ಟಿನೊ ಅವರ ಚಿತ್ರವನ್ನು ಬರೀ ಮೈ ತೋರಿಸುವ ಚಿತ್ರವೆಂದು ತಳ್ಳಿಹಾಕಲು ನನ್ನಿಂದ ಆಗದು.