ಸ್ಟಾಕ್‌ಹೋಮ್ ಪುರಭವನದ ಬತ್ತಲೆ ಇಟ್ಟಿಗೆ

ಸ್ಟಾಕ್‌ಹೋಮ್‌ನ ಕೇಂದ್ರ ರೈಲು ನಿಲ್ದಾಣದಿಂದ ಸ್ವಲ್ಪ ನಡೆದು ಸೇತುವೆ ದಾಟಿದರೆ ಕುಂಗ್ಸ್‌ಹೋಲ್ಮೆನ್ ದ್ವೀಪದ ಮೂಲೆ. ಅಲ್ಲೇ, ಮೆಲಾರೆನ್ ಸರೋವರದ ಅಂಚಿನಲ್ಲಿ, ಕಡುಗೆಂಪು ಇಟ್ಟಿಗೆಯ ಪುರಭವನ ಎದ್ದು ನಿಂತಿದೆ. ಮೂಲೆಯ ಗೋಪುರದ ಎತ್ತರ 106 ಮೀಟರ್; ತುದಿಯಲ್ಲಿ ಸ್ವೀಡನ್ನಿನ ಲಾಂಛನವಾದ ಮೂರು ಕಿರೀಟಗಳು. ನೀರಿನ ಕಡೆಗೆ ತೆರೆದ ಕಮಾನುಗಳಲ್ಲಿ ವೆನಿಸ್ ನಗರದ ನೆರಳಿದೆ.

ವಾಸ್ತುಶಿಲ್ಪಿ ರಾಗ್ನರ್ ಓಸ್ಟ್‌ಬರ್ಗ್. 1911ರಲ್ಲಿ ಆರಂಭವಾದ ಕೆಲಸ ಮುಗಿದದ್ದು 1923ರಲ್ಲಿ. ಸ್ವೀಡನ್ನಿನ ದೊರೆ ಗುಸ್ತಾವ್ ವಾಸಾ ವಿಜಯಿಯಾಗಿ ಈ ನಗರವನ್ನು ಪ್ರವೇಶಿಸಿ 400 ವರ್ಷ ತುಂಬಿದ ಹೊತ್ತಿಗೆ, ಜೂನ್ 23ರಂದು ಉದ್ಘಾಟನೆ ನಡೆಯಿತು. ಬಳಸಿದ ಇಟ್ಟಿಗೆ ಸುಮಾರು 80 ಲಕ್ಷ.

ಒಳಗೆ ಹೋಗಬೇಕಾದರೆ ಮಾರ್ಗದರ್ಶಿಯ ಜೊತೆಯಲ್ಲೇ ಹೋಗಬೇಕು. ಮೊದಲು ಸಿಗುವುದು ನೊಬೆಲ್ ಔತಣ ನಡೆಯುವ ನೀಲಿ ಸಭಾಂಗಣ. ಅಲ್ಲಿ ನೀಲಿ ಬಣ್ಣವೇ ಇಲ್ಲ. ಗೋಡೆಗೆ ಗಾರೆ ಬಳಿದು ನೀಲಿ ಹಚ್ಚಬೇಕೆಂಬುದು ಮೊದಲ ಯೋಜನೆ. ಗೋಡೆ ಏಳುತ್ತಿದ್ದಂತೆ ಇಟ್ಟಿಗೆಯ ಕೆಂಪನ್ನು ಕಂಡ ಓಸ್ಟ್‌ಬರ್ಗ್ ಮನಸ್ಸು ಬದಲಿಸಿದರು. ನಕ್ಷೆಯಲ್ಲಿದ್ದ ಹೆಸರು ಮಾತ್ರ ಹಾಗೆಯೇ ಉಳಿಯಿತು. ಗೋಡೆಯ ಹತ್ತಿರ ನಿಂತು ನೋಡಿದೆ: ಇಟ್ಟಿಗೆಗಳ ಮೈಮೇಲೆಲ್ಲ ಉಳಿಯ ಏಟಿನ ಸಣ್ಣ ಸಣ್ಣ ಗುರುತುಗಳು. ಕೆಲಸಗಾರರು ಒಂದೊಂದನ್ನೂ ಕೈಯಿಂದ ಕೊರೆದು ಒರಟುಗೊಳಿಸಿದ್ದಾರೆ. ಮೇಲಿನ ಕಿಟಕಿಗಳಿಂದ ಓರೆಯಾಗಿ ಬೀಳುವ ಬೆಳಕು ಆ ತಗ್ಗುಗಳಲ್ಲಿ ನಿಂತು ಇಡೀ ಗೋಡೆಗೆ ಉಣ್ಣೆಯ ಕಂಬಳಿಯ ಮೃದುತ್ವ ಕೊಡುತ್ತದೆ. ಇಂಥ ಗೋಡೆಯನ್ನು ಬಣ್ಣದಡಿ ಹೂತುಬಿಡದ ಆ ಮನುಷ್ಯನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮೇಲಿನ ಚಿನ್ನದ ಸಭಾಂಗಣ ಇದಕ್ಕೆ ತದ್ವಿರುದ್ಧ. ಕಲಾವಿದ ಐನಾರ್ ಫೋರ್ಸೆತ್ ಅವರ ವಿನ್ಯಾಸದಲ್ಲಿ ಗಾಜು ಮತ್ತು ಚಿನ್ನದ ಸುಮಾರು 1 ಕೋಟಿ 80 ಲಕ್ಷ ಚೂರುಗಳು ಗೋಡೆಯನ್ನು ತುಂಬಿವೆ. ಒಂದು ತುದಿಯಲ್ಲಿ ಸ್ಟಾಕ್‌ಹೋಮ್ ನಗರದ ಸಂಕೇತವಾದ ಮೆಲಾರೆನ್ ರಾಣಿ ಕುಳಿತಿದ್ದಾಳೆ, ಪೂರ್ವ ಪಶ್ಚಿಮಗಳೆರಡೂ ಅವಳ ಅಕ್ಕಪಕ್ಕದಲ್ಲಿವೆ. 1973ರವರೆಗೆ ನೊಬೆಲ್ ಔತಣ ಇಲ್ಲೇ ನಡೆಯುತ್ತಿತ್ತು. ಅತಿಥಿಗಳು ಹೆಚ್ಚಿ, ಮರುವರ್ಷ ಕೆಳಗಿನ ಸಭಾಂಗಣಕ್ಕೆ ಇಳಿಯಿತು. ಜನ ಫೋಟೊ ತೆಗೆದುಕೊಳ್ಳಲು ಮುಗಿಬೀಳುವುದೂ ಇಲ್ಲೇ. ನನ್ನ ಕಣ್ಣಿಗೆ ಮಾತ್ರ ಈ ಹೊಳಪು ತುಸು ಅತಿಯಾಯಿತು.

ರಾಜಕುಮಾರನ ಮೊಗಸಾಲೆಯಲ್ಲಿ ಇನ್ನೂ ನಿಲ್ಲಬೇಕೆನಿಸಿತು. ಒಂದು ಬದಿಗೆ ನೀರಿನತ್ತ ತೆರೆದ ಕಿಟಕಿಗಳ ಸಾಲು. ಎದುರು ಗೋಡೆಯ ಮೇಲೆ, ಚಿತ್ರಕಾರನೂ ಆಗಿದ್ದ ರಾಜಕುಮಾರ ಯೂಜೆನ್ ಬಿಡಿಸಿದ ಸ್ಟಾಕ್‌ಹೋಮ್ ದಡಗಳ ಭಿತ್ತಿಚಿತ್ರ. ಊಟಕ್ಕೆ ಕುಳಿತಾಗ ಕಿಟಕಿಗೆ ಬೆನ್ನು ಮಾಡಿದವರಿಗೂ ಸರೋವರ ಕಾಣಿಸಲೆಂಬ ಕಾಳಜಿ ಅದು. ಆತಿಥ್ಯವೆಂದರೆ ಹೀಗಿರಬೇಕು!

ನೊಬೆಲ್ ಹೆಸರಿನ ಅಬ್ಬರದಲ್ಲಿ ಇದು ನಗರಾಡಳಿತ ನಡೆಯುವ ಕಟ್ಟಡ ಎಂಬುದನ್ನು ಪ್ರವಾಸಿಗರು ಮರೆಯುತ್ತಾರೆ. ಕೌನ್ಸಿಲ್ ಸಭೆ ಸೇರುವ ಕೋಣೆಯ ಚಾವಣಿ ಬೋರಲು ಹಾಕಿದ ವೈಕಿಂಗ್ ಹಡಗಿನ ಒಡಲನ್ನು ನೆನಪಿಸುವಂತಿದೆ. ಮರದ ತೊಲೆಗಳು ಬಣ್ಣ ಹೊತ್ತು ಮೇಲೆ ಚಾಚಿವೆ. ಕೆಳಗೆ 101 ಸದಸ್ಯರ ಆಸನಗಳು. ಸಭೆಗಳು ಸಾರ್ವಜನಿಕರಿಗೆ ಮುಕ್ತ. ಕೇಳಲು ಬರುವ ನಾಗರಿಕರಿಗಾಗಿ ಇರುವ ಗ್ಯಾಲರಿಯಲ್ಲಿ ಸುಮಾರು 200 ಜನ ಕೂರಬಹುದು. ಆಳುವವರಿಗಿಂತ ಕೇಳುವವರಿಗೇ ಹೆಚ್ಚು ಜಾಗ ಕೊಟ್ಟ ಈ ಕೋಣೆಯೇ ನನಗೆ ಇಡೀ ಪುರಭವನದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು.