ಚಹಾದಲ್ಲಿ ನೆನೆದ ರೊಟ್ಟಿ

ವಿಜಯಪುರದ ರೈಲು ನಿಲ್ದಾಣದ ಹೊರಗೆ ಮಲಗುವವರಿಗೆ ನಾವು ಕೆಲವು ಗೆಳೆಯರು ಪ್ರತಿ ಗುರುವಾರ ರಾತ್ರಿ ರೊಟ್ಟಿ, ಪಲ್ಯ ಹಂಚುತ್ತೇವೆ. ಕಳೆದ ಚಳಿಗಾಲದ ಒಂದು ರಾತ್ರಿ, ಎಡಗೆನ್ನೆ ಬಾತಿದ್ದ ಹಿರಿಯರೊಬ್ಬರು ಖಡಕ್ ರೊಟ್ಟಿಯನ್ನು ಮುರಿದು ಚಹಾದ ಲೋಟಕ್ಕೆ ಹಾಕಿ, ಅದು ಮೆತ್ತಗಾಗುವವರೆಗೆ ಕಾದು, ಅಗಿಯದೆ ನಾಲಗೆಯಿಂದ ಅಂಗುಳಿಗೆ ಒತ್ತಿ ನುಂಗುತ್ತಿದ್ದರು. "ಹಲ್ಲಬ್ಯಾನಿಗೆ ರಾತ್ರಿ ನಿದ್ದಿ ಹತ್ತಂಗಿಲ್ರಿ. ತಂಬಾಕ ಇಟ್ರ ಒಂದೀಟ ಜುಮ್ ಅಂತೈತಿ" ಎಂದರು. ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದ ಅವರನ್ನು ಬಾಯಿ ವಾಸನೆ ಬರುತ್ತದೆಂದು ಬಿಡಿಸಿದ್ದರಂತೆ. ಅಂದಿನಿಂದ ಅವರು ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದೇ ಮಾತಾಡುತ್ತಾರೆ.

ಹುಳುಕು ಹಲ್ಲು ಸಣ್ಣ ಕಾಯಿಲೆ ಎಂಬ ನನ್ನ ನಂಬಿಕೆ ಅಂದು ಹೋಯಿತು. ಬಾಯಿಯಲ್ಲಿ ಉಳಿದ ಸಕ್ಕರೆಯಿಂದ ಬ್ಯಾಕ್ಟೀರಿಯಾಗಳು ತಯಾರಿಸುವ ಆಮ್ಲ ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ; ಹುಳುಕು ಒಳಗಿನ ನರವನ್ನು ಮುಟ್ಟಿದ ಮೇಲೆ ಕೀವಾಗುತ್ತದೆ, ಆ ಸೋಂಕು ನಾಲಗೆಯ ಕೆಳಕ್ಕೆ, ಕುತ್ತಿಗೆಗೆ ಇಳಿದರೆ ಉಸಿರುಗಟ್ಟಿ ಜೀವಕ್ಕೇ ಎರವಾಗಬಹುದು. ಬೀದಿಯಲ್ಲಿ ಮಲಗುವವರಿಗೆ ಅಗ್ಗಕ್ಕೆ ಸಿಗುವ ಮೆತ್ತನೆಯ ಆಹಾರವೆಂದರೆ ಸಿಹಿ ಚಹಾ ಮತ್ತು ಬಿಸ್ಕತ್ತು. ಬ್ರಷ್ ಕೊಟ್ಟರೆ ಸಾಕೆಂದು ನಾವೂ ಎಣಿಸಿದ್ದೆವು, ಆದರೆ ತಲೆಯಡಿಯ ಚೀಲವೇ ಬೆಳಗಾಗುವಷ್ಟರಲ್ಲಿ ಕಳವಾಗುವಲ್ಲಿ ಅದನ್ನು ಎಲ್ಲಿಡಬೇಕು?

ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ, ಅಂದರೆ ಕೃತಕ ಹಲ್ಲಿನ ಸೆಟ್ಟು, ಕೊಡುವ ದಂತಭಾಗ್ಯ ಯೋಜನೆ ನಮ್ಮ ರಾಜ್ಯದಲ್ಲಿದೆ. ಅದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಅದಕ್ಕೆ ಬಿಪಿಎಲ್ ಕಾರ್ಡು ಬೇಕು, ಕಾರ್ಡಿಗೆ ವಿಳಾಸ ಬೇಕು. ದಂತಪಂಕ್ತಿ ಕೈಗೆ ಬಂದರೂ ರಾತ್ರಿ ಅದನ್ನು ತೆಗೆದು, ತೊಳೆದು, ನೀರಿನಲ್ಲಿ ಇಡಲು ಒಂದು ಬಟ್ಟಲು, ಒಂದು ಮೂಲೆ ಬೇಕಲ್ಲ! ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ನಗರಗಳಲ್ಲಿ ಆಶ್ರಯ ಕೇಂದ್ರಗಳಿರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ ಹೇಳಿದೆ. ಅಂಥ ಕೇಂದ್ರದಲ್ಲಿ ಹಾಸಿಗೆಯ ಜೊತೆಗೆ ಬೀಗ ಹಾಕುವ ಚಿಕ್ಕ ಪೆಟ್ಟಿಗೆ, ಶುದ್ಧ ನೀರಿನ ನಲ್ಲಿ ಮತ್ತು ತಿಂಗಳಿಗೊಮ್ಮೆಯಾದರೂ ದಂತವೈದ್ಯರ ಭೇಟಿ ಇರಲೇಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಆ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ದಾಗ ಹಲ್ಲನ್ನು ಉಳಿಸುವ ಹೊತ್ತು ಮೀರಿತ್ತು. ಎರಡು ದವಡೆ ಹಲ್ಲುಗಳನ್ನು ಕಿತ್ತ ವೈದ್ಯರು, ಮರುದಿನದಿಂದ ಉಪ್ಪು ಬೆರೆಸಿದ ಬೆಚ್ಚನೆಯ ನೀರಿನಿಂದ ಬಾಯಿ ಮುಕ್ಕಳಿಸಲು ಹೇಳಿದರು. ಬೆಚ್ಚನೆಯ ನೀರು ಎಲ್ಲಿಂದ ಎಂದು ಆ ಹಿರಿಯರು ನನ್ನ ಮುಖ ನೋಡಿದರು. ನಿಲ್ದಾಣದ ಎದುರಿನ ಚಹಾ ಅಂಗಡಿಯವರನ್ನು ಕೇಳಿದೆವು. ಎಂಟು ದಿನ ಅವರು ಮುಂಜಾನೆಯ ಮೊದಲ ಚಹಾಕ್ಕೂ ಮುಂಚೆ ಒಂದು ತಂಬಿಗೆ ನೀರು ಕಾಯಿಸಿ ಕೊಟ್ಟರು.