ಇಂದಿಗೆ ಇಪ್ಪತ್ತೇಳು ದಿನ

ಜೆರುಸಲೇಮಿನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಯೆಹೂದಿ ಅಜ್ಜಿ ತಮ್ಮ ಪಾಸ್ಕ ಹಬ್ಬದ ಎರಡನೆಯ ರಾತ್ರಿಯಿಂದ ಒಂದು ನೇಮ ಹಿಡಿಯುತ್ತಿದ್ದರು. ಕತ್ತಲಾದ ಮೇಲೆ ವಾಕರ್ ಹಿಡಿದು ಎದ್ದು ನಿಲ್ಲುವರು. ದೇವರಿಗೆ ಸ್ತೋತ್ರ ಹೇಳಿ, ಇಂದಿಗೆ ಓಮೆರಿನ ಒಂದು ದಿನ ಎಂದು ಬಾಯಿಬಿಟ್ಟು ಹೇಳುವರು. ಮರುದಿನ ಎರಡು. ಹೀಗೆ 49 ರಾತ್ರಿ. ಐವತ್ತನೆಯ ದಿನ ಶಾವುಓಟ್, ಸೀನಾಯಿ ಬೆಟ್ಟದಲ್ಲಿ ತೋರಾ, ಅಂದರೆ ಅವರ ಧರ್ಮಶಾಸ್ತ್ರ, ಸಿಕ್ಕ ಹಬ್ಬ. ಹೆಂಗಸರಿಗೆ ಈ ಎಣಿಕೆ ಕಡ್ಡಾಯವೇನಲ್ಲ. ಅಜ್ಜಿ ಅದನ್ನು ತಮ್ಮ ತಾಯಿಯಿಂದ ಕಲಿತು ತಾವಾಗಿಯೇ ಹಿಡಿದವರು.

ಓಮೆರ್ ಅಂದರೆ ನಮ್ಮ ಸೇರು, ಬಳ್ಳದ ಹಾಗೆ ಒಂದು ಅಳತೆ. ಜೆರುಸಲೇಮಿನಲ್ಲಿ ಯೆಹೂದಿಗಳ ದೇವಾಲಯ ಇದ್ದ ಕಾಲದಲ್ಲಿ ಹೊಸ ಜವೆಗೋಧಿಯನ್ನು ಒಂದು ಓಮೆರ್ ಅಳೆದು ಅರ್ಪಿಸುತ್ತಿದ್ದರು. ಅಂದಿನಿಂದ ಏಳು ವಾರ ಎಣಿಸಿ, ಹೊಸ ಗೋಧಿಯ ರೊಟ್ಟಿ ತರುತ್ತಿದ್ದರು. ಬೈಬಲಿನ ಯಾಜಕಕಾಂಡದ 23ನೇ ಅಧ್ಯಾಯದಲ್ಲಿ ಇದು ಇದೆ. ನಮ್ಮ ಕರಾವಳಿಯಲ್ಲಿ ತೆನೆ ತಂದು ಹೊಸ ಅಕ್ಕಿ ಊಟ ಮಾಡುವವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಕೆಡವಿದರು. ಅಳೆಯುವ ಜವೆಗೋಧಿ ಹೋಯಿತು, ಎಣಿಕೆ ಉಳಿಯಿತು.

ಮೊದಲ ವರ್ಷ ಒಂದು ಸಂಜೆ ಅಡುಗೆಮನೆಯಿಂದ ಸುಮ್ನೆ ಕೇಳಿದೆ, "ಸಾವ್ತಾ, ಇವತ್ತು ಎಷ್ಟನೇ ದಿನ?" ಅಲ್ಲಿ ಅಜ್ಜಿಗೆ ಸಾವ್ತಾ ಅನ್ನುತ್ತಾರೆ. ಅವರು, "ನಿನ್ನೆ ಹನ್ನೊಂದು ಆಗಿತ್ತು" ಅಂದರು. ನನಗೆ ವಿಚಿತ್ರ ಅನಿಸಿತು. ಆಮೇಲೆ ಗೊತ್ತಾಯಿತು. ಸ್ತೋತ್ರಕ್ಕೆ ಮುಂಚೆ ಇವತ್ತಿನ ಸಂಖ್ಯೆ ಬಾಯಿಂದ ಬಂದರೆ ಎಣಿಸಿದಂತೆಯೇ ಆಗಿಬಿಡುತ್ತದೆ. ಒಂದು ದಿನವನ್ನು ಮಾತಿನ ನಡುವೆ ಹಾಗೇ ಕೆಡವಬಾರದು ಅನ್ನುವ ಎಚ್ಚರ ಅದು.

ಆಗ ನನ್ನ ಮಂಚದ ಪಕ್ಕದ ಗೋಡೆಯಲ್ಲೂ ಒಂದು ಕ್ಯಾಲೆಂಡರ್ ಇತ್ತು. ಊರಿಗೆ ಹೋಗಲು ಇನ್ನೆಷ್ಟು ದಿನ ಎಂದು ಎಣಿಸಿ, ಮುಗಿದ ದಿನದ ಮೇಲೆ ಪೆನ್ನಿನಲ್ಲಿ ಗೀಟು ಎಳೆಯುತ್ತಿದ್ದೆ. ಒಂದೇ ಮನೆಯಲ್ಲಿ ಇಬ್ಬರೂ ದಿನ ಎಣಿಸುತ್ತಿದ್ದೆವು. ನಾನು ಕಳೆಯುತ್ತಿದ್ದೆ. ಅವರು ಕೂಡಿಸುತ್ತಿದ್ದರು. ಹಬ್ಬಕ್ಕೆ ಇನ್ನೆಷ್ಟು ಉಳಿಯಿತು ಎಂದು ಅವರು ಒಮ್ಮೆಯೂ ಹೇಳಿದ್ದು ನಾನು ಕೇಳಲಿಲ್ಲ.

ಎರಡನೆಯ ವರ್ಷ ಅವರಿಗೆ ಜ್ವರ ಬಂತು. ರಾತ್ರಿ ಎಬ್ಬಿಸಲು ಮನಸ್ಸಾಗಲಿಲ್ಲ, ಮಲಗಲಿ ಎಂದು ಬಿಟ್ಟೆ. ಮರುದಿನವೆಲ್ಲ ಮಂಪರು. ಸಂಜೆ ಏಳರ ಹೊತ್ತಿಗೆ ಕಣ್ಣು ತೆರೆದು, "ನಿನ್ನೆ ಎಣಿಸಿದೆನಾ?" ಅಂದರು. ನನ್ನ ಬಾಯಿ ಒಣಗಿತು. ಒಂದು ಇಡೀ ದಿನ ತಪ್ಪಿಹೋದರೆ ಆ ವರ್ಷ ಮುಂದೆ ಸ್ತೋತ್ರ ಹೇಳಿ ಎಣಿಸುವ ಹಾಗಿಲ್ಲ. ಇಷ್ಟು ವರ್ಷದ ನೇಮ ನನ್ನಿಂದ ಮುರಿಯಿತಲ್ಲ ಎಂದು ಅತ್ತೇಬಿಟ್ಟೆ.

ಅವರು ಕಿಟಕಿ ನೋಡಿದರು. ಎದುರು ಮನೆಯ ಕಲ್ಲುಗೋಡೆಯ ಮೇಲ್ತುದಿಯಲ್ಲಿ ಅಂಗೈ ಅಗಲದ ಬಿಸಿಲು ಇನ್ನೂ ಇತ್ತು. "ಸೂರ್ಯ ಇದ್ದಾನಲ್ಲ, ಬಿತ್ತಿ. ಎಬ್ಬಿಸು" ಅಂದರು. ನನ್ನ ಕುತ್ತಿಗೆಗೆ ಕೈ ಹಾಕಿ ಎದ್ದರು. ಜ್ವರದ ಮೈ, ನನ್ನ ಭುಜ ಸುಡುತ್ತಿತ್ತು. ವಾಕರ್ ಹಿಡಿದ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಅವರ ಲೆಕ್ಕದಲ್ಲಿ ಒಂದು ದಿನ ಸಂಜೆಗೆ ಶುರುವಾಗಿ ಮರುದಿನ ಸೂರ್ಯ ಮುಳುಗುವ ತನಕ. ಹಗಲಿನಲ್ಲಿ ಎಣಿಸುವಾಗ ಸ್ತೋತ್ರ ಇಲ್ಲ, ಬರೀ ಎಣಿಕೆ. "ಇಂದಿಗೆ ಇಪ್ಪತ್ತೇಳು ದಿನ, ಅಂದರೆ ಮೂರು ವಾರ ಆರು ದಿನ." ಕತ್ತಲಾದ ಮೇಲೆ ಮತ್ತೆ ಎದ್ದು ಸ್ತೋತ್ರ ಹೇಳಿ ಇಪ್ಪತ್ತೆಂಟು ಎಣಿಸಿದರು. ಪೂರ್ತಿ ನಾಲ್ಕು ವಾರ.

ಆ ರಾತ್ರಿ ನನ್ನ ಕ್ಯಾಲೆಂಡರ್ ತೆಗೆದು ಪೆಟ್ಟಿಗೆಯೊಳಗೆ ಇಟ್ಟೆ.

"ನಮ್ಮ ದಿನಗಳನ್ನು ಎಣಿಸುವುದನ್ನು ಕಲಿಸು" ಎಂದು 90ನೇ ಕೀರ್ತನೆಯಲ್ಲಿ ಇದೆಯಲ್ಲ, ಮೋಶೆಯ ಪ್ರಾರ್ಥನೆ. ಊರಲ್ಲಿ ಅಪ್ಪನ ಅಮ್ಮ ಸಂಜೆ ಪ್ರಾರ್ಥನೆಯಲ್ಲಿ ಅದನ್ನು ಓದುವಾಗ ನನಗೆ ಸಾವಿನ ಭಯವಾಗುತ್ತಿತ್ತು. ಉಳಿದದ್ದು ಎಷ್ಟು ಕಮ್ಮಿ ಎಂದು ಲೆಕ್ಕ ಹಾಕುವ ಮಾತು ಅಂದುಕೊಂಡಿದ್ದೆ. ಸಿಕ್ಕಿದ್ದನ್ನೂ ಎಣಿಸಬಹುದು ಎಂದು ತೋರಿಸಿದ್ದು ಸಾವ್ತಾ. ನಾವು ಈಸ್ಟರಿಗೆ ಮುಂಚಿನ 40 ದಿನಗಳನ್ನು ಈಗ ಹೇಗೆ ಕಳೆಯುತ್ತೇವೆ, ಹೇಳಿ? ಅವು ಶುರುವಾಗುವ ಬೂದಿ ಬುಧವಾರ ಯಾವಾಗ ಹೋಯಿತು ಅಂತಲೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಎಲ್ಲ ಮೊಬೈಲ್ ನೆನಪಿಸಬೇಕು. ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆ ವರ್ಷದ ಶಾವುಓಟಿಗೆ ಮೊಮ್ಮಕ್ಕಳು ರಾತ್ರಿಯಿಡೀ ತೋರಾ ಓದಲು ಹೋಗಿದ್ದರು. ಹಗಲು ಸಿನಗಾಗಿನಲ್ಲಿ, ಅಂದರೆ ಅವರ ಪ್ರಾರ್ಥನಾ ಮಂದಿರದಲ್ಲಿ, ಬೈಬಲಿನ ರೂತಳ ಪುಸ್ತಕ ಓದುತ್ತಾರೆ. ಸಾವ್ತಾಗೆ ಹೋಗಲು ಆಗಲಿಲ್ಲ, ಮನೆಯಲ್ಲೇ ಓದಿಕೊಂಡರು. ಜವೆಗೋಧಿ ಕೊಯ್ಲಿನ ಹೊತ್ತಿಗೆ ಅತ್ತೆ ನೊವೊಮಿಯ ಹಿಂದೆ ಬೇತ್ಲೆಹೇಮಿಗೆ ಬಂದು, ಗೋಧಿ ಕೊಯ್ಲು ಮುಗಿಯುವ ತನಕ ಹೊಲದಲ್ಲಿ ಹಕ್ಕಲಾಯ್ದ, ಅಂದರೆ ಕೊಯ್ದವರು ಬಿಟ್ಟ ತೆನೆ ಆಯ್ದ, ಪರದೇಶದ ಸೊಸೆ ರೂತಳು. ಸಾವ್ತಾ ಎಣಿಸಿದ ದಿನಗಳೆಲ್ಲ ಅವಳು ಹೊಲದಲ್ಲಿ ಬಗ್ಗಿ ದುಡಿದ ದಿನಗಳೇ ಅಲ್ವಾ!

"ನಿನ್ನ ಭಾಷೆಯಲ್ಲಿ ಓದು" ಅಂದರು. ಅಪ್ಪನ ಅಮ್ಮನ ಹಳೇ ಕನ್ನಡ ಬೈಬಲ್ ತಂದು ಓದಿದೆ. ಒಂದು ಪದವೂ ಅರ್ಥವಾಗದಿದ್ದರೂ ಹೆಸರುಗಳು ಬಂದಾಗಲೆಲ್ಲ ತಲೆ ಆಡಿಸುತ್ತಿದ್ದರು. ಹಕ್ಕಲಾಯಲು ಹೊರಟ ರೂತಳಿಗೆ ನೊವೊಮಿ ಅಪ್ಪಣೆ ಕೊಡುವ ಕಡೆ ಕೈ ಎತ್ತಿ ನಿಲ್ಲಿಸಿದರು. ಹೀಬ್ರೂವಿನಲ್ಲಿ ಅಲ್ಲಿ ಇರುವುದು ಬಿತ್ತಿ, ಅವರು ದಿನವೂ ನನ್ನನ್ನು ಕರೆಯುತ್ತಿದ್ದ ಮಾತು.

"ಅದಕ್ಕೆ ನೀವು ಏನನ್ನುತ್ತೀರಿ?"

"ಮಗಳೇ" ಅಂದೆ.

"ಮಗಳೇ" ಅಂದರು ಸಾವ್ತಾ. ಳ ಸರಿಯಾಗಿ ಬರಲಿಲ್ಲ. ಇನ್ನೊಮ್ಮೆ ಹೇಳಿದರು.